ಹದಿನಾಲ್ಕನೇ ಸೀಸೆ

ಮಾರಗುಂಟೆ ಕೆರೆಗೆ ನಾವು ಹೋದದ್ದು ಪುಷ್ಯದ ಬೆಳಿಗ್ಗೆ, ಟೆಂಪೋದಲ್ಲಿ.
ಹದಿಮೂರು ಸೀಸೆ, ಹೂಳು ಎತ್ತಲು ಒಂದು ಪಿವಿಸಿ ಕೊಳವೆ,
ಐಸು ತುಂಬಿದ ಡಬ್ಬಿ.
ಮೇಡಂ ದಡದಲ್ಲೇ ನಿಂತರು. ಇಳಿದವಳು ನಾನು, ಲ್ಯಾಬಿನ ಅಟೆಂಡರು.

ಸೊಂಟಮಟ್ಟ ನೀರಲ್ಲಿ
ಚಿಪ್ಪನ್ನು ಅಂಗಾಲಿಂದ ಹುಡುಕಬೇಕು.
ಕಲ್ಲಾದರೆ ಸುಮ್ಮನಿರುತ್ತದೆ.
ಚಿಪ್ಪಾದರೆ ಒಂದು ಗಳಿಗೆ
ಒಳಕ್ಕೆ ಸರಿಯುತ್ತದೆ, ಬೈಸಿಕೊಂಡ ಮಗುವಿನ ಹಾಗೆ.

ಆಚೆ ದಂಡೆಗೆ ಸೈನೇಡ್ ದಿಬ್ಬ.
ಕೆಜಿಎಫ್ ಅರೆದು ಅರೆದು ಬಿಟ್ಟುಹೋದ ಕಲ್ಲಿನ ಹಿಟ್ಟು,
ಗರಿಕೆಯೂ ಹತ್ತದ ಬೂದು ಬೆನ್ನು.
ಆಷಾಢದ ಗಾಳಿಗೆ ಎದ್ದು ನಮ್ಮನೆಗೆ ಬರುತ್ತಿತ್ತು,
ಹೇಳದೆ ಕೇಳದೆ ಮುದ್ದೆಯ ಮೇಲೆ ಕೂರುತ್ತಿತ್ತು.
ಹಲ್ಲಿಗೆ ಸಿಕ್ಕರೆ ಅಪ್ಪ ಅನ್ನುತ್ತಿದ್ದ:
ಅಗಿ ಅಗಿ, ಚಿನ್ನ ಇದ್ದರೂ ಇರಬಹುದು.
ನಾವು ನಕ್ಕು ಅಗಿದೆವು.

ಕಪ್ಪೆಚಿಪ್ಪಿಗೆ ಬಾಯಿಲ್ಲ ಅಂದುಕೊಂಡಿದ್ದೆ.
ಅದು ಬರೀ ಬಾಯಿ, ಅಂದರು ಮೇಡಂ.
ದಿನವಿಡೀ ಕೆರೆಯನ್ನ ಒಳಗೆಳೆದು ಹೊರಗೆ ಬಿಡುತ್ತದೆ,
ನೀರಿನದು ನೀರಿಗೆ ಕೊಟ್ಟು
ಮಿಕ್ಕದ್ದನ್ನ ತಾನು ಇಟ್ಟುಕೊಳ್ಳುತ್ತದೆ:
ಸೀಸ, ಕ್ಯಾಡ್ಮಿಯಂ, ಪಾಷಾಣ.
ಬೆನ್ನ ಮೇಲಿನ ಗೆರೆ ವರ್ಷಕ್ಕೊಂದು.
ಒಂದನ್ನ ಒರೆಸಿ ಎಣಿಸಿದೆ: ಒಂಬತ್ತು.
ಗಣಿ ಮುಚ್ಚಿ ಎಷ್ಟೋ ಕಾಲವಾದ ಮೇಲೆ ಹುಟ್ಟಿದ್ದು.
ಚಿನ್ನದ ಮುಖ ಕಂಡದ್ದಲ್ಲ.

ಫಾರಮಿನಲ್ಲಿ ಒಂದು ಕಾಲಂ. ಸ್ಥಳೀಯವಾಗಿ ತಿನ್ನುವರೇ?
ಪಂಚಾಯ್ತಿ ಮೆಂಬರು ಗಂಗುಲಪ್ಪ ಕೈ ಕೊಡವಿದರು,
ಥೂ, ಅದನ್ನೆಲ್ಲ ನಮ್ಮಲ್ಲಿ ಯಾರು ತಿಂತಾರೆ ಮೇಡಂ.
ಮೇಡಂ ನನ್ನ ಕಡೆ ನೋಡಿದರು.
ನಾನು ಕೊಳವೆಗೆ ಮೆತ್ತಿದ ಕೆಸರು ನೋಡಿದೆ.
ಇಲ್ಲ, ಅಂತ ಬರೆದುಕೊಂಡರು.

ಬೆನ್ನು ಕಲ್ಲಿಗುಜ್ಜಿ ತೂತು ಮಾಡಿದರೆ
ಮಾವಿನಕಾಯಿ ಹೆರೆಯಲು ಚಿಪ್ಪಿನಷ್ಟು ಚೂಪು ಇನ್ನೊಂದಿಲ್ಲ.
ಉಪ್ಪಿನಕಾಯಿ ದಿನಗಳಲ್ಲಿ ಗಂಗುಲಪ್ಪನ ತಾಯಿಯೂ
ನಮ್ಮ ಬೀದಿಗೆ ಹೇಳಿಕಳಿಸುತ್ತಿದ್ದರು.
ಚಿಪ್ಪು ಎಲ್ಲರಿಗೂ ಬೇಕಿತ್ತು.
ಒಳಗಿನದು ನಮ್ಮದು.

ಟೆಂಪೋ ಹೊರಡುವಾಗ ಚಿನ್ನಪಾಪಕ್ಕ ಬಂದಳು,
ಚಿಪ್ಪನ್ನ ಕಾಲಲ್ಲಿ ಓದಲು ಕಲಿಸಿದವಳು.
ಸೆರಗಿನಡಿ ಸ್ಟೀಲು ಡಬ್ಬಿ, ಇನ್ನೂ ಬಿಸಿ:
ಹುಣಸೆ ಹುಳಿ, ಹುರಿಗಡಲೆ ಖಾರ, ನಡುವೆ ಆ ಕಂದು ತುಣುಕು.
ಇದಕ್ಕೂ ಒಂದು ನಂಬರು ಹಾಕಿಸಮ್ಮಿ.
ಕೆರೇಲಿರೋದನ್ನ ತೂಗಿ,
ಹೊಟ್ಟೇಲಿರೋದನ್ನ ಬಿಟ್ಟೋಗ್ತೀರಾ?
ಮೇಡಂ ಒಳ್ಳೆಯವರು. ಮೆಲ್ಲಗೇ ಹೇಳಿದರು,
ಬೇಯಿಸಿದ್ದು ಆಗಲ್ಲಮ್ಮ,
ಹುಳಿಗೆ ಪಾತ್ರೆಯದೂ ಬಿಡುತ್ತೆ, ಲೆಕ್ಕ ಕೆಡುತ್ತೆ.
ಚಿನ್ನಪಾಪಕ್ಕ ಡಬ್ಬಿ ಮುಚ್ಚಿದಳು.
ನಿನಗಾದರೂ ಇರಲಿ, ಅಂತ ನನ್ನ ಕೈಗಿಟ್ಟಳು.

ಕೋಲಾರ ಮುಟ್ಟೋ ಹೊತ್ತಿಗೆ ಖಾಲಿ ಮಾಡಿದ್ದೆ.
ಎಲ್ಲ ಗೊತ್ತಿದ್ದೂ. ಬೆರಳು ಕೂಡ ನೆಕ್ಕಿದೆ.

ರಾತ್ರಿ ಆಸಿಡ್ಡಿನಲ್ಲಿ ಹದಿಮೂರು ಮಾಂಸ ಕರಗಿದವು.
ಕಂದು ಹೊಗೆ ಎದ್ದು, ಹಳದಿಯಾಗಿ, ತಿಳಿಯಾಯಿತು.
ತಿಳಿ ಅಂದರೆ ಏನೂ ಇಲ್ಲ ಅಂತಲ್ಲ.
ಸೀಸೆ ಎಂಬ ಮಾತಿನೊಳಗೇ ಸೀಸ ಕೂತಿದೆ,
ಯಾರ ಕಣ್ಣಿಗೂ ಬೀಳದೆ.

ಫ್ಯಾನಿನ ಕೆಳಗೆ ಸ್ಟೂಲೆಳೆದು
ಕೈಕಾಲಿನ ಇಪ್ಪತ್ತೂ ಉಗುರು ಕತ್ತರಿಸಿದೆ.
ದೀಪಕ್ಕೆ ಹಿಡಿದರೆ ಅವಕ್ಕೂ ಗೆರೆಯಿವೆ, ಸಣ್ಣಗೆ, ಉದ್ದುದ್ದ.
ಅಮ್ಮನ ಕೆಮ್ಮಿನ ಔಷಧಿಯ ಸೀಸೆ ತೊಳೆದಿಟ್ಟದ್ದಿತ್ತು.
ಚೀಟಿ ಅಂಟಿಸಿದೆ: ಹದಿನಾಲ್ಕು.
ಅದರಲ್ಲಿ ಜಾತಿ ಅನ್ನೋ ಜಾಗ,
ಮಿಕ್ಕ ಹದಿಮೂರಕ್ಕೂ ಮೇಡಂ ಉದ್ದನೆಯ ಲ್ಯಾಟಿನ್ ಹೆಸರು ಬರೆದಿದ್ದರು.
ನಾನು ಪೆನ್ನು ಊರಿ
ಎತ್ತಿದೆ.

ಬೆಳಿಗ್ಗೆ ಯಂತ್ರದಿಂದ ಇಳಿದ ಕಾಗದದಲ್ಲಿ ಒಂದು ಸಾಲು ಹೆಚ್ಚು.
ಮೇಡಂ ಕನ್ನಡಕ ತೆಗೆದು ಒರೆಸಿ
ಮತ್ತೆ ಹಾಕಿಕೊಂಡರು.
ಕದಿರಮ್ಮ, ಈ ಹದಿನಾಲ್ಕು ಎಲ್ಲಿಯದು?

ಅದೇ ಕೆರೆಯದು ಮೇಡಂ, ಅಂದೆ,
ಕೈ ಹಿಂದಕ್ಕೆ ಕಟ್ಟಿಕೊಂಡು.